ಅತ್ತಿಗೆಯ ಏದುಸಿರು ನಮಗೆ ಅರ್ಥವಾಗಲಿಲ್ಲ

2021ರ ಮೇ ತಿಂಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಯಿತೆಂದು ನಾನು ಖುಷಿಯಲ್ಲಿದ್ದೆ. ಅದೇ ವಾರ ಹಲಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಎಲ್ಲರಿಗೂ ಕೊರೊನಾ ಬಂತು. ಅಪ್ಪ, ಅಮ್ಮ, ಅಣ್ಣ, ನಾನು ಐದಾರು ದಿನದಲ್ಲಿ ಚೇತರಿಸಿಕೊಂಡೆವು. ಏಳು ತಿಂಗಳ ಗರ್ಭಿಣಿಯಾಗಿದ್ದ ಅತ್ತಿಗೆ ಮಾತ್ರ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬಿಡುತ್ತಿದ್ದರು. ‘ಬಸುರಿಗೆ ಉಸಿರು ಕಟ್ಟೋದು ಸಹಜ ಕಣಮ್ಮ’ ಎಂದು ಅಮ್ಮ ಸಮಾಧಾನ ಹೇಳಿದರು. ನಾವೂ ನಂಬಿದೆವು. ಪಕ್ಕದ ಮನೆಯಿಂದ ತಂದ ಆಕ್ಸಿಮೀಟರ್ 92 ತೋರಿಸುವ ಹೊತ್ತಿಗೆ ಎರಡು ದಿನ ಕಳೆದಿತ್ತು. ನರ್ಸಿಂಗ್ ಹೋಮ್ ಒಂದು ಬಾಗಿಲಲ್ಲೇ ವಾಪಸ್ ಕಳಿಸಿತು. ರಾತ್ರಿ ಹನ್ನೊಂದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬೆಡ್ ಸಿಕ್ಕಿತು. ಮಗು ತಿಂಗಳು ಮೊದಲೇ ಹುಟ್ಟಿತು. ಇಬ್ಬರೂ ಉಳಿದರು.

ಒಂದೇ ಮನೆ, ಒಂದೇ ವೈರಸ್. ಅತ್ತಿಗೆಗೇ ಯಾಕೆ ಅಷ್ಟು ಕಷ್ಟವಾಯಿತು? ಈಗ ಕೆ.ಆರ್. ಪುರದ ಕಡೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿರುವ ನನಗೆ ಉತ್ತರ ನಮ್ಮ ಪಾಠದ ಭಾಷೆಯಲ್ಲೇ ಹೊಳೆಯುತ್ತದೆ: ಲೋಡ್ ಹೆಚ್ಚಾಗಿತ್ತು, ಫ್ಯಾಕ್ಟರ್ ಆಫ್ ಸೇಫ್ಟಿ ಕಡಿಮೆಯಾಗಿತ್ತು.

ಗರ್ಭಕೋಶ ಬೆಳೆದಂತೆ ವಪೆ ಸುಮಾರು 4 ಸೆಂ.ಮೀ. ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ದಾಸ್ತಾನು ಶೇ 20ರಷ್ಟು ತಗ್ಗುತ್ತದೆ. ಆಮ್ಲಜನಕದ ಬೇಡಿಕೆ ಮಾತ್ರ ಹೆಚ್ಚೂಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಹೆರಿಗೆಯ ರಕ್ತಸ್ರಾವಕ್ಕೆ ಸಜ್ಜಾಗಲು ರಕ್ತ ಬೇಗ ಹೆಪ್ಪುಗಟ್ಟುವಂತೆ ಬದಲಾಗುತ್ತದೆ; ಕೊರೊನಾ ಕೂಡ ರಕ್ತವನ್ನು ಹೆಪ್ಪುಗಟ್ಟಿಸುವ ರೋಗ. ಗರ್ಭಿಣಿಯ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ. ಮಗುವನ್ನು ಪರಕೀಯ ಎಂದು ತಿರಸ್ಕರಿಸದಂತೆ ದೇಹ ತನ್ನ ಕಾವಲನ್ನು ಹೊಂದಿಸಿಕೊಳ್ಳುತ್ತದೆ, ಅಷ್ಟೆ.

ಸೋಂಕು ತಗುಲಿದ ಹೆಚ್ಚಿನ ಗರ್ಭಿಣಿಯರು ಸುಲಭವಾಗಿಯೇ ಗುಣವಾದರು. ಆದರೆ ಅದೇ ವಯಸ್ಸಿನ ಇತರ ಮಹಿಳೆಯರಿಗೆ ಹೋಲಿಸಿದರೆ ಐಸಿಯು, ವೆಂಟಿಲೇಟರ್ ಬೇಕಾಗುವ ಸಾಧ್ಯತೆ, ಅವಧಿಗೆ ಮುನ್ನ ಹೆರಿಗೆಯ ಸಾಧ್ಯತೆ ಇವರಲ್ಲಿ ಹೆಚ್ಚಿತ್ತು. ಮಧುಮೇಹ, ಬಿ.ಪಿ. ಇದ್ದರೆ ಇನ್ನೂ ಹೆಚ್ಚು. 2021ರ ಜೂನ್‌ನಲ್ಲಿ ಐಸಿಎಂಆರ್ ತಿಳಿಸಿದಂತೆ, ಅದು ಅಧ್ಯಯನ ಮಾಡಿದ ಸೋಂಕಿತ ಗರ್ಭಿಣಿಯರು ಮತ್ತು ಬಾಣಂತಿಯರಲ್ಲಿ ಸಾವಿನ ಪ್ರಮಾಣ ಮೊದಲ ಅಲೆಯಲ್ಲಿ ಶೇ 0.7 ಇದ್ದರೆ, ಎರಡನೇ ಅಲೆಯಲ್ಲಿ ಶೇ 5.7.

ಹಾಗಾದರೆ ಲಸಿಕೆ ಇವರಿಗೆ ಮೊದಲು ಸಿಗಬೇಕಿತ್ತಲ್ಲವೇ? ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಗರ್ಭಿಣಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ 2ರಂದು, ಎರಡನೇ ಅಲೆ ಇಳಿದ ಮೇಲೆ! ಲಸಿಕೆಯ ಆರಂಭದ ಪ್ರಯೋಗಗಳಲ್ಲಿ ಅವರನ್ನು ಸೇರಿಸಿಕೊಂಡಿರಲಿಲ್ಲ; ಮಾಹಿತಿ ಇಲ್ಲವೆಂದು ಲಸಿಕೆಯನ್ನೂ ತಡೆಹಿಡಿದರು. ರಕ್ಷಿಸುವ ಹೆಸರಿನಲ್ಲಿ ಹೊರಗಿಟ್ಟದ್ದೇ ಅಪಾಯವಾಯಿತು ಎಂಬುದು ನನ್ನ ವಾದ. ತಾಯಿ ಪಡೆದ ಲಸಿಕೆಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನೂ ಸೇರುತ್ತವೆ ಎಂಬುದು ಈಗ ಗೊತ್ತಾಗಿದೆ.

ಹೊರಗಿಡದೆ ಒಳಗೆ ಕರೆದುಕೊಂಡವರೂ ನಮ್ಮ ನಡುವೆಯೇ ಇದ್ದರು. ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಿ, ವಾಣಿವಿಲಾಸ ಆಸ್ಪತ್ರೆಯಲ್ಲಿ ಪಿಪಿಇ ಕಿಟ್ ತೊಟ್ಟ ವೈದ್ಯರು, ನರ್ಸ್‌ಗಳು ಸೋಂಕಿತ ತಾಯಂದಿರಿಗೆ ಹೆರಿಗೆ ಮಾಡಿಸಿದರು. ಮುಂದಿನ ಸಾಂಕ್ರಾಮಿಕ ಬಂದಾಗ ಅಂಥ ವಾರ್ಡುಗಳು ಮೊದಲ ದಿನವೇ ಸಿದ್ಧವಿರಲಿ. ಲಸಿಕೆ, ಔಷಧಗಳ ಪ್ರಯೋಗದಲ್ಲಿ ಒಪ್ಪುವ ಗರ್ಭಿಣಿಯರಿಗೂ ಎಚ್ಚರಿಕೆಯಿಂದ ಜಾಗ ಸಿಗಲಿ. ನಾಳೆ ವೈದ್ಯಕೀಯ ಉಪಕರಣ, ಆರೋಗ್ಯದ ಆ್ಯಪ್ ತಯಾರಿಸುವವರು ನಾವೇ. ‘ಸಾಮಾನ್ಯ ರೋಗಿ’ ಎಂದರೆ ಗಂಡಸು ಮಾತ್ರ ಎಂದು ಲೆಕ್ಕ ಹಾಕಿ ಡಿಸೈನ್ ಮಾಡುವುದು ಬೇಡ.

ಮನೆಯಲ್ಲೂ ಒಂದು ಪಾಠ ಇದೆ. ಗರ್ಭಿಣಿಗೆ ಆಳವಾಗಿ ಉಸಿರೆಳೆಯಬೇಕು ಅನ್ನಿಸುವುದು ಸಹಜ. ಆದರೆ ಉಸಿರಾಟದ ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ಜ್ವರದ ಜೊತೆ ಏದುಸಿರು ಕಂಡರೆ, ಆಕ್ಸಿಮೀಟರ್ 95ಕ್ಕಿಂತ ಕೆಳಗೆ ತೋರಿಸಿದರೆ ಸಮಾಧಾನ ಹೇಳುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಅತ್ತಿಗೆಯ ಮಗಳು ಈ ವರ್ಷ ಎಲ್‌ಕೆಜಿ ಸೇರಿದ್ದಾಳೆ. ಅವಳು ಓಡಿ ಬಂದು ಏದುಸಿರು ಬಿಟ್ಟಾಗಲೆಲ್ಲ ಅಮ್ಮ ಕೈಲಿದ್ದ ಕೆಲಸ ಬಿಟ್ಟು ಅವಳ ಎದೆ ಮುಟ್ಟಿ ನೋಡುತ್ತಾರೆ.