ದಾದಿಯರಿಗೆ ಸಲ್ಲಬೇಕಾದದ್ದು

ದಾದಿಯರಲ್ಲಿ ಸೇವಾಮನೋಭಾವ ಕುಗ್ಗುತ್ತಿದೆಯೆಂಬ ದೂರನ್ನು ನಾನು ಒಪ್ಪಲಾರೆ. ರಾತ್ರಿಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರ ಹೆಗಲಿಗೇರಿಸಿ, ಅಲ್ಪ ಸಂಬಳವಿತ್ತರೆ ಕೆಲಸದಲ್ಲಿ ಉತ್ಸಾಹ ಉಳಿದೀತೆ? ಅವರು ವಿದೇಶಕ್ಕೆ ಹೊರಟರೆ ತಪ್ಪೇನು?

ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಸರ್ವೋಚ್ಚ ನ್ಯಾಯಾಲಯವು 2016ರ ಜನವರಿಯಲ್ಲಿ ಆದೇಶಿಸಿತು. 200ಕ್ಕೂ ಹೆಚ್ಚು ಹಾಸಿಗೆಗಳಿರುವಲ್ಲಿ ರಾಜ್ಯ ಸರ್ಕಾರಿ ದಾದಿಯರಿಗೆ ಸಮನಾದ ವೇತನ, 50ಕ್ಕಿಂತ ಕಡಿಮೆಯಿರುವಲ್ಲಿಯೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಇರಬೇಕೆಂದು ಸಮಿತಿ ಶಿಫಾರಸು ಮಾಡಿತು. ಕೇಂದ್ರವು ಅದನ್ನು ರಾಜ್ಯಗಳಿಗೆ ಕಳುಹಿಸಿತು. ಆದರೆ ಶಿಫಾರಸು ಶಾಸನವಲ್ಲ. ಕಡತಗಳ ನಡುವೆ ವಯಸ್ಸು ಸವೆಸಿದ ನಾನು ಅಂತಹವುಗಳ ಗತಿಯನ್ನು ಬಲ್ಲೆ.

ಅನ್ನವನ್ನರಸಿ ಊರು ಬಿಟ್ಟವರ ಕಷ್ಟ ಹೊರನಾಡ ಕನ್ನಡಿಗರಾದ ನಮಗೆ ಹೊಸತಲ್ಲ. ದಾದಿಯರನ್ನು ಶಾಲು ಹೊದಿಸಿ ಸನ್ಮಾನಿಸುವ ಸಂಘಗಳು ಅವರ ನ್ಯಾಯಯುತ ವೇತನಕ್ಕೂ ದನಿಗೂಡಿಸಲಿ.