ಚಿಕ್ಕ ಟ್ರಾಕ್ಟರಿಗೆ ಲೋಡರ್ ಬಂತು, ಹಿಂಭಾರ ಬರಲಿಲ್ಲ

ಟ್ರಾಕ್ಟರುಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ ಶೇಕಡಾ 5ಕ್ಕೆ ಇಳಿಸಲಾಯಿತು. ಇಪ್ಪತ್ತರಿಂದ ಮೂವತ್ತು ಅಶ್ವಶಕ್ತಿಯ ಚಿಕ್ಕ ಟ್ರಾಕ್ಟರಿನತ್ತ ಮನಸ್ಸು ಮಾಡುತ್ತಿದ್ದ ಸಣ್ಣ ಹಿಡುವಳಿದಾರರಿಗೂ ತೋಟಗಾರರಿಗೂ ಇದರಿಂದ ಇನ್ನೊಂದು ಆಸರೆ ಸಿಕ್ಕಂತಾಗಿದೆ. ಸಹಾಯಧನದಲ್ಲಿ ಇಂಥ ಟ್ರಾಕ್ಟರ್ ಪಡೆದವರು ಮೊದಲೇ ಇದ್ದರು. ಅಡಿಕೆ ಮರಗಳ ಸಾಲಿನ ನಡುವೆ, ದ್ರಾಕ್ಷಿ ಚಪ್ಪರದ ಕೆಳಗೆ, ದೊಡ್ಡ ಟ್ರಾಕ್ಟರ್ ತಿರುಗಲಾರದ ಕಡೆಯಲ್ಲೆಲ್ಲ ಇವು ಓಡಾಡುತ್ತವೆ. ಈಗ ಇವುಗಳ ಮುಂದುಗಡೆ ಲೋಡರ್ ಕಟ್ಟಿಸುವ ರೂಢಿ ಬೆಳೆಯುತ್ತಿದೆ.

ರೂಢಿ ಒಳ್ಳೆಯದೇ. ತಿಪ್ಪೆಯಿಂದ ಗೊಬ್ಬರ ಅಗೆದು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊರುವ ಕೆಲಸಕ್ಕೆ ಆಳುಗಳು ಸಿಗುವುದಿಲ್ಲ. ಸಿಕ್ಕರೂ ಆ ಕೆಲಸದಲ್ಲಿ ಯಾರ ಸೊಂಟವೂ ಉಳಿಯುವುದಿಲ್ಲ. ಆದರೆ ನಾನು ಹಳ್ಳಿಗಳಲ್ಲಿ ಕಂಡ ಇಂಥ ಟ್ರಾಕ್ಟರುಗಳಲ್ಲಿ ಬಹುಪಾಲಿಗೆ ಹಿಂದುಗಡೆ ಏನೂ ಇರುವುದಿಲ್ಲ. ಹೈಡ್ರಾಲಿಕ್ಕಿನ ಎರಡು ತೋಳುಗಳು ಬರಿದಾಗಿ ಜೋತಾಡುತ್ತಿರುತ್ತವೆ. ಲೋಡರ್ ಮಾರಿದವರು ಹೇಳಿಲ್ಲ, ಕೊಂಡವರು ಕೇಳಿಲ್ಲ.

ಎತ್ತಿನ ಗಾಡಿಗೆ ಹೇರು ಹೇರಿದ ಅನುಭವವುಳ್ಳ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ನೊಗವೇ ಮೇಲಕ್ಕೇಳುತ್ತದೆ. ಅದಕ್ಕೇ ಮೂಟೆಗಳನ್ನು ಅಚ್ಚಿನ ಎರಡೂ ಕಡೆಗೆ ತೂಗಿಸಿ ಇಡುತ್ತಿದ್ದರು. ಲೋಡರ್ ಕಟ್ಟಿದ ಟ್ರಾಕ್ಟರ್ ಎಂದರೆ ಮುಂಭಾರವಾದ ಗಾಡಿ. ಅದಕ್ಕೆ ಹಿಂಭಾರ ಕೊಡದೆ ಇಳಿಜಾರಿನಲ್ಲಿ ಓಡಿಸುತ್ತಿದ್ದೇವೆ.

ಕೆಲವು ಬೇಸಿಗೆಗಳ ಹಿಂದೆ ಮಲೆನಾಡಿನ ಒಂದು ಅಡಿಕೆ ತೋಟಕ್ಕೆ ಹೋಗಿದ್ದಾಗ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ತೋಟಕ್ಕೆ ಹೊಸ ಮಣ್ಣು ಹಾಕುತ್ತಿದ್ದರು. ಹಿಂದಿನ ರಾತ್ರಿ ಒಂದು ಮಳೆ ಬಿದ್ದು ಮಣ್ಣು ಹಸಿಯಾಗಿತ್ತು. ಚಾಲಕ ಬಕೆಟ್ ತುಂಬಿಕೊಂಡು, ದಾರಿ ಕಾಣಲೆಂದು ಅದನ್ನು ಎದೆಮಟ್ಟಕ್ಕೆ ಎತ್ತಿ, ತೋಟದ ಇಳಿಜಾರಿಗೆ ಬಂದ. ಬ್ರೇಕ್ ಒತ್ತಿದ. ಹಿಂದಿನ ಚಕ್ರಗಳು ನಿಂತವು, ಟ್ರಾಕ್ಟರ್ ನಿಲ್ಲಲಿಲ್ಲ. ನಿಂತ ಚಕ್ರಗಳ ಮೇಲೆಯೇ ಜಾರಿ, ಕೆಳಗಿನ ತಿರುವಿನಲ್ಲಿ ಪಕ್ಕಕ್ಕೆ ಮಗುಚಿತು. ಅವನು ಮೇಲಿನ ಬದಿಗೆ ಹಾರಿದ್ದರಿಂದ ಮುಂಗೈ ಮುರಿತದಲ್ಲಿ ಪಾರಾದ. ಸೇರಿದವರೆಲ್ಲ ಬ್ರೇಕ್ ಫೇಲ್ ಎಂದರು. ಟ್ರಾಕ್ಟರನ್ನು ಎತ್ತಿ ನಿಲ್ಲಿಸಿ ಮೆಕ್ಯಾನಿಕ್ ನೋಡಿದಾಗ ಬ್ರೇಕಿನಲ್ಲಿ ಯಾವ ದೋಷವೂ ಇರಲಿಲ್ಲ.

ದೋಷ ತೂಕದಲ್ಲಿತ್ತು. ನಮ್ಮ ಟ್ರಾಕ್ಟರುಗಳಲ್ಲಿ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ. ಆ ಚಕ್ರಗಳು ನೆಲವನ್ನು ಒತ್ತಿಕೊಂಡಿದ್ದರೆ ಮಾತ್ರ ಬ್ರೇಕಿಗೆ ಬೆಲೆ. ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು. ನಿಮ್ಮ ಟ್ರಾಕ್ಟರಿನವನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಟ್ರಾಕ್ಟರಿನ ತೂಕ 900 ಕಿಲೋ, ಎರಡು ಅಚ್ಚುಗಳ ನಡುವೆ ಒಂದೂವರೆ ಮೀಟರ್ ಅಂತರ ಎನ್ನೋಣ. ಬರೀ ಟ್ರಾಕ್ಟರಿನಲ್ಲಿ ಹಿಂದಿನ ಅಚ್ಚಿನ ಮೇಲೆ 540 ಕಿಲೋ, ಮುಂದಿನದರ ಮೇಲೆ 360 ಕಿಲೋ ಇರುತ್ತದೆ. ಈಗ 250 ಕಿಲೋ ತೂಕದ ಲೋಡರನ್ನು ಕಟ್ಟಿ, ಬಕೆಟ್ಟಿಗೆ 250 ಕಿಲೋ ಮಣ್ಣು ತುಂಬಿದೆವು. ಲೋಡರಿನ ಭಾರ ಮುಂದಿನ ಅಚ್ಚಿನಿಂದ 60 ಸೆಂಟಿಮೀಟರ್ ಮುಂದೆ, ಮಣ್ಣಿನ ಭಾರ 120 ಸೆಂಟಿಮೀಟರ್ ಮುಂದೆ ಬೀಳುತ್ತದೆ. ಈ ಭಾರ ಮುಂದಿನ ಅಚ್ಚಿನ ಮೇಲೆ ಕೂಡುವುದಷ್ಟೇ ಅಲ್ಲ, ಹಾರೆಯಿಂದ ಮೀಟಿದ ಹಾಗೆ ಹಿಂದಿನ ಅಚ್ಚಿನಿಂದ 300 ಕಿಲೋ ಎತ್ತಿ ತೆಗೆಯುತ್ತದೆ. ಹಿಂದೆ ಉಳಿಯುವುದು 240 ಕಿಲೋ, ಮುಂದೆ ಸೇರುವುದು 1,160 ಕಿಲೋ. ಇದು ಸಮತಟ್ಟಾದ ನೆಲದ ಲೆಕ್ಕ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಆ 240 ಕಿಲೋ ಇನ್ನೂ ಇಳಿಯುತ್ತದೆ.

ಈಗ ಹಿಂದಿನ ಅಚ್ಚಿನಿಂದ 75 ಸೆಂಟಿಮೀಟರ್ ಹಿಂದೆ, ಹೈಡ್ರಾಲಿಕ್ ತೋಳುಗಳಿಗೆ 200 ಕಿಲೋ ತೂಕ ಸಿಕ್ಕಿಸೋಣ. ಹಿಂದಿನ ಅಚ್ಚಿನ ಭಾರ ಮರಳಿ 540 ಕಿಲೋ ಆಗುತ್ತದೆ. ಕಟ್ಟಿದ್ದು 200, ಸಿಕ್ಕಿದ್ದು 300. ಹೆಚ್ಚಿನ 100 ಕಿಲೋ ಮುಂದಿನ ಅಚ್ಚಿನಿಂದ ಬಂದದ್ದು. ಅಲ್ಲಿ 1,160 ಇದ್ದದ್ದು 1,060ಕ್ಕೆ ಇಳಿಯುತ್ತದೆ. ಅದೇ 200 ಕಿಲೋವನ್ನು ಹಿಂದಿನ ಚಕ್ರಗಳಿಗೆ ಕಬ್ಬಿಣದ ಬಿಲ್ಲೆಗಳಾಗಿ ಜೋಡಿಸಿದ್ದರೆ ಅಥವಾ ಟೈರಿನೊಳಗೆ ನೀರು ತುಂಬಿದ್ದರೆ ಹಿಂದೆ 200 ಕಿಲೋ ಕೂಡುತ್ತಿತ್ತು, ಮುಂದಿನ ಅಚ್ಚಿನ ಹೊರೆ ಕಿಲೋದಷ್ಟೂ ಕಡಿಮೆಯಾಗುತ್ತಿರಲಿಲ್ಲ. ಚಿಕ್ಕ ಟೈರುಗಳಿಗೆ ಅಷ್ಟು ನೀರು ಹಿಡಿಸುವುದೂ ಇಲ್ಲ. ನೀರು ಬೇಡವೆಂದಲ್ಲ. ಮುಕ್ಕಾಲು ಭಾಗ ಮೀರದಂತೆ ತುಂಬಿಸಿದರೆ ತೂಕ ತಗ್ಗಿನಲ್ಲಿರುವುದರಿಂದ ಅನುಕೂಲವೇ. ಆದರೆ ಲೋಡರ್ ಕೆಲಸಕ್ಕೆ ಅದೊಂದೇ ಸಾಲದು.

ಪಕ್ಕಕ್ಕೆ ಮಗುಚುವುದಕ್ಕೂ ಇದೇ ಮೂಲ. ಟ್ರಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತೂಗಾಡುತ್ತದೆ, ಹಳ್ಳದಿಣ್ಣೆಗೆ ಹೊಂದಿಕೊಳ್ಳಲೆಂದು ಹಾಗೆ ಮಾಡಿರುತ್ತಾರೆ. ಆದ್ದರಿಂದ ನಾಲ್ಕು ಚಕ್ರ ಕಂಡರೂ ಟ್ರಾಕ್ಟರ್ ನಿಂತಿರುವುದು ಮೂರು ಕಾಲಿನ ಮೇಲೆ: ಹಿಂದಿನ ಎರಡು ಚಕ್ರ, ಮುಂದೆ ಆ ಪಿನ್ನು. ಈ ತ್ರಿಕೋನ ಹಿಂದೆ ಅಗಲ, ಮುಂದೆ ಮೊನೆ. ಭಾರ ಮುಂದೆ ಸರಿದಷ್ಟೂ ಮೊನೆಯತ್ತ ಹೋಗುತ್ತದೆ. ಅಲ್ಲಿ ಒಂದು ಚಕ್ರ ಕಲ್ಲು ಹತ್ತಿದರೂ ಸಾಕು. ಬಕೆಟ್ ಮೇಲಿದ್ದರೆ ಕೇಳುವುದೇ ಬೇಡ. ಹಿಂಭಾರ ಆ ತೂಕವನ್ನು ಅಗಲವಿರುವ ಕಡೆಗೆ ಎಳೆದು ತರುತ್ತದೆ.

ಇದಕ್ಕೆ ತಗಲುವ ಖರ್ಚು ಕೇಳಿದರೆ ನಗು ಬರುತ್ತದೆ. 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ, 35 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಗಟ್ಟಿ ಸುಮಾರು 200 ಕಿಲೋ ತೂಗುತ್ತದೆ. ಅದಕ್ಕೆ ಸುಮಾರು ಅರ್ಧ ಚೀಲ ಸಿಮೆಂಟ್ ಸಾಕು. ಜೊತೆಗೆ ಜಲ್ಲಿ, ಮರಳು, ಒಳಗೆ ಕಟ್ಟಲು ಕಂಬಿ. ಕೆಳತೋಳುಗಳಿಗೆ ಎರಡು ಪಿನ್ನು, ಟಾಪ್ ಲಿಂಕಿಗೆ ಒಂದು ಕಣ್ಣು ಇರುವ ಕಬ್ಬಿಣದ ಚೌಕಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಅದನ್ನು ಕಾಂಕ್ರೀಟಿನೊಳಗೇ ಹುದುಗಿಸಬೇಕು. ಎಣ್ಣೆ ಡ್ರಮ್ಮಿನಲ್ಲಿ ಹಾಕಿಸುವವರು ಅದನ್ನು ಕಂಠಮಟ್ಟ ತುಂಬಬಾರದು. 200 ಲೀಟರಿನ ಡ್ರಮ್ ತುಂಬ ಕಾಂಕ್ರೀಟ್ ಎಂದರೆ 480 ಕಿಲೋ. ಚಿಕ್ಕ ಟ್ರಾಕ್ಟರಿಗೆ ಅದು ಬೇರೆಯೇ ತೊಂದರೆ ತರುತ್ತದೆ. ಅರ್ಧ ಡ್ರಮ್ 240 ಕಿಲೋ ಆಗುತ್ತದೆ. ಕೈಪಿಡಿಯಲ್ಲಿ ಹೈಡ್ರಾಲಿಕ್ ಎಷ್ಟು ಎತ್ತಬಲ್ಲದು, ಪ್ರತಿ ಅಚ್ಚು ಎಷ್ಟು ಹೊರಬಲ್ಲದು ಎಂಬುದನ್ನು ನೋಡಿಯೇ ತೂಕ ನಿರ್ಧರಿಸಬೇಕು. ಏನನ್ನೂ ಮಾಡಿಸಲಾಗದವರು ಮನೆಯಲ್ಲಿರುವ ರೋಟವೇಟರನ್ನೇ ಹಿಂದೆ ಸಿಕ್ಕಿಸಿ, ಪಿಟಿಓ ಶಾಫ್ಟ್ ಕಳಚಿಟ್ಟು ಕೆಲಸ ಮಾಡಬಹುದು. ಕಿರಿದಾದ ಸಾಲಿನಲ್ಲಿ ತಿರುಗುವಾಗ ಅದು ಮರಕ್ಕೆ ತಾಗುತ್ತದೆ ಎಂಬುದೊಂದೇ ಕೊರತೆ.

ಹಿಂಭಾರಕ್ಕೆಂದು ಇಬ್ಬರು ಆಳುಗಳನ್ನು ಹಿಂದಿನ ಸರಳಿನ ಮೇಲೆ ನಿಲ್ಲಿಸುವುದನ್ನೂ ನೋಡಿದ್ದೇನೆ. ಟ್ರಾಕ್ಟರ್ ಮಗುಚಿದರೆ ಮೊದಲು ಸಿಕ್ಕಿಬೀಳುವವರು ಅವರೇ. ಇದನ್ನು ಕಂಡ ಮಾಲೀಕರು ಸುಮ್ಮನಿರುವುದು ನನಗೆ ಅರ್ಥವಾಗುವುದಿಲ್ಲ.

ಹಿಂಭಾರ ಬಂತೆಂದು ಬಕೆಟ್ಟಿಗೆ ಇನ್ನಷ್ಟು ತುಂಬಬಾರದು. ಒಣಗಿದ ಕೊಟ್ಟಿಗೆ ಗೊಬ್ಬರ ತುಂಬಿದ ಬಕೆಟ್ಟಿಗೂ ಹಸಿ ಮಣ್ಣು ತುಂಬಿದ ಅದೇ ಬಕೆಟ್ಟಿಗೂ ತೂಕದಲ್ಲಿ ಎರಡು ಪಟ್ಟಿಗೂ ಮೀರಿ ವ್ಯತ್ಯಾಸವಿರುತ್ತದೆ, ಕಣ್ಣಿಗೆ ಎರಡೂ ಒಂದೇ ಅಳತೆ. ಮಣ್ಣಾದರೆ ಅರ್ಧ ಬಕೆಟ್ ಸಾಕು. ಸಾಗುವಾಗ ಬಕೆಟ್ ನೆಲಕ್ಕೆ ಹತ್ತಿರವಿರಲಿ. ನಾಲ್ಕು ಚಕ್ರಕ್ಕೂ ಎಳೆತವಿರುವ ಟ್ರಾಕ್ಟರಿನಲ್ಲಿ ಇಳಿಜಾರಿಗೆ ಮೊದಲೇ ಅದನ್ನು ಹಾಕಿಕೊಂಡರೆ ಮುಂದಿನ ಚಕ್ರಗಳೂ ತಡೆಯಲು ನೆರವಾಗುತ್ತವೆ. ತುಂಬಿದ ಬಕೆಟ್ ಯಾವಾಗಲೂ ಏರಿನ ಕಡೆಗಿರಬೇಕು. ಎಂದರೆ ಇಳಿಯುವಾಗ ಹಿಮ್ಮುಖವಾಗಿ, ನಿಧಾನವಾಗಿ ಇಳಿಯಬೇಕು.

ಇಷ್ಟು ಸಣ್ಣ ವಸ್ತು ರೈತನಿಗೆ ತಾನಾಗಿ ಏಕೆ ಸಿಗುತ್ತಿಲ್ಲ? ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಟ್ರಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಆದರೆ ಆ ಟ್ರಾಕ್ಟರಿಗೆ ಊರಿನ ವರ್ಕ್‌ಶಾಪಿನಲ್ಲಿ ಲೋಡರ್ ಬೆಸೆದ ಮೇಲೆ ಅದು ಪರೀಕ್ಷೆಗೆ ನಿಂತಿದ್ದ ಯಂತ್ರವಲ್ಲ, ಬೇರೆಯೇ ಒಂದು ಯಂತ್ರ. ಲೋಡರನ್ನು ಬಿಡಿಸಾಮಾನಿನಂತೆ ಮಾರುತ್ತಾರೆ, ಹಿಂಭಾರವನ್ನು ಅದರ ಅಂಗವೆಂದು ಎಣಿಸುವುದಿಲ್ಲ. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳೂ ಮಾರಾಟಗಾರರೂ ಲೋಡರನ್ನು ಹಿಂಭಾರವಿಲ್ಲದೆ ಹೊರಗೆ ಬಿಡಬಾರದೆಂಬ ನಿಯಮ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಸಹಾಯಧನ ಮಂಜೂರು ಮಾಡುವ ನಮ್ಮ ಇಲಾಖೆಯವರೂ ಯಂತ್ರದ ಮುಂದೆ ನಿಂತು ಫೋಟೋ ತೆಗೆಸುವಾಗ ಒಮ್ಮೆ ಅದರ ಹಿಂದುಗಡೆ ಹೋಗಿ ನೋಡಬಹುದು. ರೈತರು ಲೋಡರ್ ಕಟ್ಟಿಸುವ ಮೊದಲು ವಿಮಾ ಕಚೇರಿಯಲ್ಲಿ ಬರಹದ ಮೂಲಕ ಕೇಳಿಕೊಳ್ಳುವುದು ಲೇಸು. ಅಪಘಾತವಾದ ಮೇಲೆ ಕೇಳಿದರೆ ತಕರಾರಿಗೆ ದಾರಿಯಾಗುತ್ತದೆ.

ಹಿಂಭಾರ ಸಿಕ್ಕಿಸಿದ ಮೇಲೆ ಪಕ್ಕದ ಸರಪಳಿಗಳನ್ನು ಬಿಗಿಮಾಡಿ, ಅದು ಅತ್ತಿತ್ತ ಓಲಾಡದಂತೆ, ನೆಲದಿಂದ ಒಂದಡಿ ಎತ್ತರದಲ್ಲಿರುವಂತೆ ಇಟ್ಟುಕೊಳ್ಳಬೇಕು. ಲೋಡರ್ ಕಳಚಿದ ದಿನ ಇದನ್ನೂ ಕಳಚಲೇಬೇಕು. ಇಲ್ಲದಿದ್ದರೆ ಮೇಲಿನ ಲೆಕ್ಕದ ಟ್ರಾಕ್ಟರಿನಲ್ಲಿ ಮುಂದಿನ ಅಚ್ಚಿಗೆ ಉಳಿಯುವುದು 260 ಕಿಲೋ ಮಾತ್ರ. ಏರು ಹತ್ತುವಾಗ ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ಕಳಚಿದ ಗಟ್ಟಿಯನ್ನು ಕೊಟ್ಟಿಗೆಯ ಪಕ್ಕದ ಗಟ್ಟಿ ನೆಲದಲ್ಲಿ ಎರಡು ಅಗಲವಾದ ಕಲ್ಲುಗಳ ಮೇಲೆ, ಪಿನ್ನುಗಳು ತೋಳಿನ ಮಟ್ಟಕ್ಕೆ ಬರುವಂತೆ ಇಳಿಸಿಟ್ಟರೆ, ಮರುದಿನ ಟ್ರಾಕ್ಟರನ್ನು ಹಿಂದಕ್ಕೆ ತಂದು ಒಬ್ಬನೇ ಸಿಕ್ಕಿಸಿಕೊಳ್ಳಬಹುದು.