ಲೆಕ್ಕಕ್ಕೆ ಅಂಜಿ ನಾಟಕ ಕಂಪನಿ ಸೇರುವವರಿಗೆ

ಎಸ್‌.ಎಸ್‌.ಎಲ್‌.ಸಿ. ಫಲಿತಾಂಶ ಬಂದ ವಾರ ಬೆಳವಣಕಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಇಂಥದೊಂದು ಮಾತು ಕಿವಿಗೆ ಬೀಳುತ್ತದೆ. "ನಮ್ಮ ಹುಡುಗ ಗಣಿತದಾಗ ಹೋದಾ ನೋಡ್ರಿ. ಹಾಡ್ತಾನ ಮಾತ್ರ ಚಲೋ. ಗದಗಿನ ಆಶ್ರಮಕ್ಕ ಕಳಿಸಿಬಿಡೂಣು ಅಂತ ಮಾಡೇನಿ."

ಕಳಿಸಿರಿ, ಬ್ಯಾಡ ಅನ್ನುವುದಿಲ್ಲ. ಆದರೆ ಲೆಕ್ಕದ ಕಾಟ ತಪ್ಪೀತು ಅಂತ ಕಳಿಸುವುದಾದರೆ ಸ್ವಲ್ಪ ತಡೆಯಿರಿ.

ತಬಲಾ ಮುಂದೆ ಕುಳಿತವನು ಎಣಿಸದೆ ಏಳುವಂತಿಲ್ಲ. ತೀನತಾಲಕ್ಕೆ 16 ಮಾತ್ರೆ, ಏಕತಾಲಕ್ಕೆ 12, ಝಪತಾಲಕ್ಕೆ 10, ರೂಪಕಕ್ಕೆ 7. ತಾನು ಎಷ್ಟೇ ಹಾರಾಡಲಿ, ಸಮ್ ಮೇಲೆ ಬಂದು ಕೂಡಬೇಕು. ಅರ್ಧ ಮಾತ್ರೆ ತಪ್ಪಿದರೂ ನಮ್ಮ ಸೀಮೆಯ ಕಿರಾಣಿ ಅಂಗಡಿಯವರಿಗೇ ಗೊತ್ತಾಗುತ್ತದೆ, ಕೇಳಿ ಕೇಳಿ ಪಳಗಿದ ಕಿವಿ! ನಿಜ, ಇದು ಕರಿಹಲಗೆಯ ಲೆಕ್ಕವಲ್ಲ, ಕೈಗೆ ಹತ್ತುವ ಲೆಕ್ಕ. ಬೀಜಗಣಿತದಲ್ಲಿ ಸೋತವನು ಇಲ್ಲಿ ಗೆದ್ದಾನು. ಅದಕ್ಕೇ ಗಣಿತದಲ್ಲಿ ನಪಾಸಾದ ಹುಡುಗನನ್ನು ದಡ್ಡ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ.

ಭೀಮಸೇನ ಜೋಶಿಯವರ ಹೆಸರು ಹೇಳುತ್ತೀರಿ. 1933ರಲ್ಲಿ, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟವರು ಹೌದು. ಓಡಿದ್ದು ಲೆಕ್ಕಕ್ಕೆ ಅಂಜಿ ಅಲ್ಲ, ಗುರುವನ್ನು ಹುಡುಕಿಕೊಂಡು. ಊರೂರು ಅಲೆದು ಕಡೆಗೆ ಸಿಕ್ಕವರು ಇಲ್ಲೇ ಕುಂದಗೋಳದ ಸವಾಯಿ ಗಂಧರ್ವರು.

ಇನ್ನೊಂದು ಲೆಕ್ಕ ರೊಕ್ಕದ್ದು. ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ನಾಟಕ ಕಂಪನಿ ನಡೆಸಿ, ಬಂದ ಹಣದಲ್ಲಿ ಆಶ್ರಮದ ಮಕ್ಕಳಿಗೆ ಅನ್ನ ಹಾಕಿದರು. ಗಲ್ಲೆದ ಲೆಕ್ಕ ತಪ್ಪಿದ್ದರೆ ಪಂಕ್ತಿ ನಡೆಯುತ್ತಿತ್ತೇ? ಬನಶಂಕರಿ ಜಾತ್ರೆಗೆ ಥೇಟರು ಹಾಕುವ ಕಂಪನಿ ಮಾಲಕರನ್ನು ಕೇಳಿ ನೋಡಿ. ಜಾಗದ ಬಾಡಿಗೆ, ಕರೆಂಟು, ನಟರ ಪಗಾರ. ಮಂದಿ ಬಾರದ ರಾತ್ರಿಯೂ ಇವು ನಿಲ್ಲುವುದಿಲ್ಲ. ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಡೆತ ಬೀಳುವುದು ಕೆಳಗಿನವರಿಗೆ. ಮುಂಗಡ ಎಷ್ಟು ತಗೊಂಡೆ, ಎಷ್ಟು ಆಟಕ್ಕೆ ಅದು ಮುರೀತು ಅಂತ ಬರೆದಿಡದ ನಟ, ನಾಲ್ಕು ಆಟ ಆಡಿ ಎರಡರ ಪಗಾರ ತಗೊಂಡು ಬರುತ್ತಾನೆ. ಕೇಳಿದರೆ "ನಮಗ ಲೆಕ್ಕಾ ತಿಳಿಯೂದಿಲ್ರಿ" ಅನ್ನುತ್ತಾನೆ. ಹಳ್ಳಿ ನಾಟಕಕ್ಕೆ ಬರುವ ನಟಿಯರದೂ, ಪೇಟಿ ಮಾಸ್ತರರದೂ ಇದೇ ಪಾಡು. ಮಾತು ಬಾಯಿಲೆ ಆಗಿರುತ್ತದೆ, ಬೆಳಗಾದ ಮೇಲೆ ಚೌಕಾಸಿ ಶುರುವಾಗುತ್ತದೆ. ಜಾತ್ರೆ ಕಮಿಟಿ ಹಿರಿಯರೇ, ಈ ಸಲ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿ ಕೊಡಿರಿ.

ಹುಡುಗನನ್ನು ಗಣಿತದ ಪರೀಕ್ಷೆಗೆ ಮತ್ತೊಮ್ಮೆ ಕೂಡ್ರಿಸಿರಿ, ಗದಗಿಗೂ ಕಳಿಸಿರಿ. ಬಸ್ ಹತ್ತಿಸುವ ಮೊದಲು ಎರಡು ತಿಂಗಳು ಯಾವುದಾದರೂ ಅಂಗಡಿಯ ಗಲ್ಲೆದ ಮ್ಯಾಲೆ ಕೂತು ಜಮಾ-ಖರ್ಚು ಬರೆಯಲಿ.